ಎಣ್ಣೆ ಅಳಿಸಲಾರದ ಗುರುತು

ಕೂನೂರಿನಿಂದ ಎರಡು ಡಜನ್ ಬಾಟಲಿ ವಾಪಸು ಬಂದಾಗ ನಾನು ಭಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಹಂಡೆಯ ಮುಚ್ಚಳದ ಸುತ್ತ ಮಣ್ಣು ಮೆತ್ತುತ್ತಿದ್ದೆ. ಪೆಟ್ಟಿಗೆಯ ಜೊತೆಗೆ ಒಂದು ಕಾಗದವಿತ್ತು. ನಿನ್ನ ನೀಲಗಿರಿ ಎಣ್ಣೆಯಲ್ಲಿ ಸೀಮೆಎಣ್ಣೆ ಬೆರೆತಿದೆ, ಕೂಡಲೇ ಬಂದು ಕಾಣು ಎಂದು ಬರೆದಿತ್ತು. ಕೈ ಸಹ ತೊಳೆಯದೆ ಒಂದು ಬಾಟಲಿಯ ಬಿರಡೆ ಕಿತ್ತು ಮೂಸಿದೆ. ಸೀಮೆಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಬಾಟಲಿಯ ಮೇಲೆ ನನ್ನದೇ ಚೀಟಿ: ತಾವರೆ ಹಿಡಿದ ಹೆಂಗಸು, ಪಕ್ಕದಲ್ಲಿ ನವಿಲು. ಎಣ್ಣೆ ಮಾತ್ರ ನನ್ನದಲ್ಲ.

ನನಗೆ ಕೋಪ ಬೇಗ ಬರುತ್ತದೆ. ಆ ದಿನ ಬಂದ ಕೋಪಕ್ಕೆ ಹಂಡೆಯ ಕೆಳಗೆ ಬೆಂಕಿಯೇ ಬೇಡವಾಗಿತ್ತು.

ಸೋಲೂರಿನ ಕಡೆಯ ನಮ್ಮ ಹಟ್ಟಿಯಲ್ಲಿ ಎಣ್ಣೆ ಇಳಿಸುವ ಕೆಲಸಕ್ಕೆ ಕೈ ಹಾಕಿದವನು ನಾನೊಬ್ಬನೇ. ಅಪ್ಪ ಬಿಟ್ಟುಹೋದ ಎಮ್ಮೆಗಳಲ್ಲಿ ಒಂದನ್ನು ಅವ್ವೆಗೆ ಉಳಿಸಿ, ಮಿಕ್ಕವನ್ನು ಕೊಟ್ಟು ತಾಮ್ರದ ಹಂಡೆ ತಂದಿದ್ದೆ. ಅವ್ವೆ ಎಂದರೆ ನಮ್ಮಲ್ಲಿ ತಾಯಿ. ಹಾಲು ಕೊಡುವುದನ್ನು ಕೊಟ್ಟು ಹೊಗೆ ಕೊಡುವುದನ್ನು ತಂದ ಎಂದು ಹಟ್ಟಿಯ ಹಿರಿಯರು ಜಗಲಿಯ ಮೇಲೆ ಕುಳಿತು ನಗುತ್ತಿದ್ದರು. ಈ ಹಂಡೆ ಆರಿದರೆ ಆ ನಗೆ ನನ್ನ ಮಕ್ಕಳ ಕಾಲಕ್ಕೂ ನಿಲ್ಲುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಳಿಸಿದ ಎಣ್ಣೆಯಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದುದು ಕೂನೂರಿನ ಒಂದು ಔಷಧದಂಗಡಿಗೆ. ಅದರ ಯಜಮಾನರನ್ನು ಎಲ್ಲರೂ ಮೊದಲಾಳಿ ಎಂದೇ ಕರೆಯುತ್ತಿದ್ದರು.

ಮರುದಿನವೇ ಊಟಿಗೆ ನಡೆದು, ರೈಲು ಹತ್ತಿ ಕೂನೂರಿಗೆ ಹೋದೆ. ಮೊದಲಾಳಿ ಬೈಯಲಿಲ್ಲ, ಅದೇ ಹೆಚ್ಚು ಭಯವಾಯಿತು. ನನ್ನ ಒಂದು ಹಳೆಯ ಬಾಟಲಿಯನ್ನೂ ವಾಪಸು ಕಳಿಸಿದ್ದರಲ್ಲಿ ನಾನು ಜೊತೆಗೆ ತಂದಿದ್ದ ಒಂದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಒಂದೇ ಹೆಂಗಸು, ಒಂದೇ ನವಿಲು. ಆ ಚೀಟಿಯನ್ನು ನಾನು ಊಟಿಯ ಅಚ್ಚುಕೂಟದಲ್ಲಿ ಸಿದ್ಧ ಸರಕಿನಿಂದ ಆರಿಸಿ ತಂದಿದ್ದೆ. ಅದೇ ಸಿದ್ಧ ಸರಕು ಇನ್ನೂ ಇಬ್ಬರಿಗೆ, ಮೂವರಿಗೆ ಹೋಗಿತ್ತು. ಅವರಲ್ಲಿ ಯಾರೋ ಒಬ್ಬ ಸೀಮೆಎಣ್ಣೆ ಬೆರೆಸಿ, ದಳ್ಳಾಳಿಯ ಕೈಯಲ್ಲಿ ಇದೇ ಅಂಗಡಿಗೆ ಕಳಿಸಿದ್ದ. ಚಿತ್ರ ನೋಡಿ ನನ್ನ ಸರಕೆಂದೇ ಇಳಿಸಿಕೊಂಡಿದ್ದರು.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಕೇಳಿ ಬೆಳೆದವನಿಗೆ ನವಿಲಿರುವುದೆಲ್ಲ ತನ್ನದಲ್ಲ ಎಂದು ಹೊಳೆಯದೆ ಹೋಯಿತಲ್ಲ.

ಮೊದಲಾಳಿ ತಮಿಳಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. "ತಂಬಿ, ನಿನ್ನ ಎಣ್ಣೆಯ ಮೇಲೆ ನನಗೆ ಸಂಶಯ ಇಲ್ಲ. ಆದರೆ ಕೊಳ್ಳುವವರ ಮುಂದೆ ನಾನು ಪ್ರತಿ ಬಾಟಲಿಯನ್ನೂ ಮೂಸಿ ಕೊಡಲಾಗುವುದಿಲ್ಲ. ಸೀಸನ್ ಶುರುವಾಗುವ ಮೊದಲು ಬೇರೆ ಯಾರಿಗೂ ಇಲ್ಲದ ಗುರುತು ತಾ. ನನ್ನ ಹಮಾಲಿಗೆ ಓದು ಬರುವುದಿಲ್ಲ, ಅವನೂ ಹಿಡಿಯುವಂತಿರಬೇಕು. ಇಲ್ಲದಿದ್ದರೆ ಈ ವರ್ಷ ನಿನ್ನ ಎಣ್ಣೆ ಬೇಡ."

ಸೀಸನ್ ಎಂದರೆ ಬಿಸಿಲು ಕಾಲದಲ್ಲಿ ಬಯಲುಸೀಮೆಯ ದೊರೆಗಳೂ ಜಮೀನ್ದಾರರೂ ಬೆಟ್ಟ ಹತ್ತುವ ಕಾಲ. ನನಗಿದ್ದದ್ದು ಆರು ವಾರ.

ಊಟಿಗೆ ಮರಳಿದವನು ನೇರ ಅಚ್ಚುಕೂಟಕ್ಕೆ ಹೋಗಿ ಮೇಸ್ತ್ರಿಯ ಮೇಲೆ ಹರಿಹಾಯ್ದೆ. ಅವನು ವೀಳ್ಯ ಅಗಿಯುತ್ತಲೇ ಎಲ್ಲವನ್ನೂ ಕೇಳಿಸಿಕೊಂಡ. ಮದರಾಸಿನಲ್ಲಿ ಒಳ್ಳೆಯ ಚಿತ್ರಗಾರನಿದ್ದಾನೆ, ಸಿಂಹ ಬೇಕೆಂದರೆ ಸಿಂಹ, ಲಕ್ಷ್ಮಿ ಬೇಕೆಂದರೆ ಲಕ್ಷ್ಮಿ, ಕಲ್ಲಿನಚ್ಚಿನಲ್ಲಿ ನಾಲ್ಕು ಬಣ್ಣದಲ್ಲಿ ತೆಗೆದುಕೊಡುತ್ತಾನೆ ಎಂದ. ಎರಡು ತಿಂಗಳು ಹಿಡಿಯುತ್ತದಂತೆ. ಅಚ್ಚಿನ ಕಲ್ಲು ಯಾರ ಹತ್ತಿರ ಇರುತ್ತದೆ ಎಂದು ಕೇಳಿದೆ. ಅವರ ಹತ್ತಿರವೇ ಎಂದ. ಹಾಗಾದರೆ ನಾಳೆ ಸಿಂಹದ ಬಾಲವನ್ನು ಎಡಕ್ಕೆ ತಿರುಗಿಸಿ ಇನ್ನೊಬ್ಬನಿಗೆ ಮಾರಿದರೆ? ಮೇಸ್ತ್ರಿ ಉಗುಳಲು ಎದ್ದುಹೋದ. ಉತ್ತರ ಸಿಕ್ಕಿತು.

ನನ್ನ ಗುರುತನ್ನು ನಾನೇ ಬರೆಯುತ್ತೇನೆ ಎಂದು ಅಲ್ಲಿಯೇ ಹೇಳಿಬಂದೆ. ಹೇಳುವಾಗ ಎದೆ ಉಬ್ಬಿತ್ತು. ಹಟ್ಟಿಗೆ ಏರುವ ದಾರಿಯಲ್ಲಿ ನೆನಪಾಯಿತು, ಮಿಷನ್ ಶಾಲೆಯಲ್ಲಿ ಓದಿದ ಐದು ವರ್ಷದಲ್ಲಿ ನನ್ನ ಕೈಯಿಂದ ಒಂದು ನೆಟ್ಟಗಿನ ಗೆರೆಯೂ ಬಂದಿರಲಿಲ್ಲ.

ಮೊದಲು ಎಮ್ಮೆ ಬರೆದೆ. ಎಮ್ಮೆಯ ನಡುವೆ ಹುಟ್ಟಿದವನಿಗೆ ಎಮ್ಮೆ ಬಾರದೇ ಎಂಬ ಧೈರ್ಯ. ನೀಲಗಿರಿ ಸೊಪ್ಪು ಒಟ್ಟುವ ಕೊಠಡಿಯ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದದ್ದು ಕೊಂಬಿರುವ ಹಂದಿಯಾಯಿತು. ಸೊಪ್ಪು ತರುವ ಹೆಂಗಸರು ಹೊರೆ ಇಳಿಸದೆ ನಿಂತು ನಕ್ಕರು. ಆಮೇಲೆ ಹಂಡೆಯನ್ನೇ ಬರೆಯೋಣವೆಂದು ಕುಳಿತೆ. ಅದು ನಮ್ಮ ಕಸುಬಿನದೇ ಅಲ್ಲವೇ? ತಾಮ್ರದ ಹೊಟ್ಟೆ, ಮೇಲೆ ಮುಚ್ಚಳ, ಅದರಿಂದ ಆವಿ ಹೊರಡುವ ಕೊಳವೆ ಬಾಗಿ ತೊರೆಯ ತಣ್ಣೀರಿನೊಳಗೆ ಇಳಿಯುತ್ತದೆ, ಆಚೆ ತುದಿಯಲ್ಲಿ ಎಣ್ಣೆ ನೀರಿನ ಮೇಲೆ ತೇಲಿ ನಿಲ್ಲುತ್ತದೆ. ಮೂರು ದಿನ ಕಷ್ಟಪಟ್ಟು ಕಾಗದದ ಮೇಲೆ ತಂದೆ. ಮೇಸ್ತ್ರಿ ಅದನ್ನು ಕಣ್ಣಿಗೊತ್ತಿಕೊಂಡು, ಗಣಪತಿ ಒಳ್ಳೆಯದೇ, ಆದರೆ ಸೊಂಡಿಲು ಉದ್ದವಾಯಿತು ಎಂದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಪೆನ್ಸಿಲು ಸರಿಯಿಲ್ಲ ಎಂದೆ.

ಎರಡು ವಾರ ಹೀಗೆಯೇ ಕರಗಿತು. ಒಂದು ಬೆಳಿಗ್ಗೆ ಅವ್ವೆ ಒಲೆಯ ಮುಂದೆ ಬಗ್ಗಿ ಬೆಂಕಿ ಊದುತ್ತಿದ್ದಳು. ಬೆಂಕಿಯ ಬೆಳಕಿಗೆ ಅವಳ ಹಣೆಯ ಹಚ್ಚೆ ಎದ್ದು ಕಂಡಿತು: ನಡುವೆ ಬಳೆಯಂಥ ದುಂಡು ಗೆರೆ, ಆಚೀಚೆ ಚುಕ್ಕಿಗಳ ಸಾಲು. ನಮ್ಮ ಹಟ್ಟಿಯ ಹೆಂಗಸರಿಗೆ ಮದುವೆಗೆ ಮುಂಚೆ ಹಾಕುವ ಹಚ್ಚೆ ಅದು. ತೊಟ್ಟಿಲಿನಿಂದಲೂ ನಾನು ನೋಡಿ ಬೆಳೆದದ್ದು. ಕಣ್ಣು ಮುಚ್ಚಿ ಬರೆದೆ, ಸರಿಯಾಗಿ ಬಂತು. ನನ್ನ ಕೈ ಬರೆಯಬಲ್ಲ ಚಿತ್ರ ಲೋಕದಲ್ಲಿ ಒಂದಾದರೂ ಇದೆಯಲ್ಲ ಎಂದು ಕುಣಿದಾಡಿದೆ. ಅವ್ವೆಗೆ ಹೇಳಲಿಲ್ಲ. ಮುದ್ರಿಸಿ ತಂದು ತೋರಿಸಿ ಬೆರಗು ಮಾಡಬೇಕೆಂಬ ಆಸೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಮೇಸ್ತ್ರಿ ಮರದ ಅಚ್ಚು ಕೊರೆಸಿ ಐದುನೂರು ಚೀಟಿ ಒತ್ತಿಕೊಟ್ಟ. ಬಿಳಿ ಕಾಗದದ ಮೇಲೆ ಕಡುನೀಲಿ ಗುರುತು, ನೋಡಲು ಬಲು ಚೆಂದ. ಹಟ್ಟಿಗೆ ತಂದು ಒಂದು ಡಜನ್ ಬಾಟಲಿಗೆ ಅಂಟಿಸಿ, ಲಾಳಿಕೆ ಇಟ್ಟು ಎಣ್ಣೆ ತುಂಬಿ, ಬಿಸಿಲಿಗೆ ಸಾಲಾಗಿ ನಿಲ್ಲಿಸಿ ಊಟಕ್ಕೆ ಹೋದೆ. ಎಣ್ಣೆ ತುಂಬುವಾಗ ಎಷ್ಟು ಜೋಪಾನವಾಗಿದ್ದರೂ ಬಾಯಿಂದ ಒಂದೆರಡು ಹನಿ ಇಳಿಯುವುದು ಇದ್ದದ್ದೇ. ಹಳೆಯ ನವಿಲಿನ ಚೀಟಿಗೆ ಮೇಲೆ ಮೆರುಗೆಣ್ಣೆ ಬಳಿದಿರುತ್ತಿತ್ತು, ಅದಕ್ಕೆ ಏನೂ ಆಗುತ್ತಿರಲಿಲ್ಲ. ಈ ಚೀಟಿ ಬರಿಯ ಕಾಗದ, ಮೇಲೆ ಅಚ್ಚಿನ ಮಸಿ. ನೀಲಗಿರಿ ಎಣ್ಣೆ ಬಟ್ಟೆಯ ಮೇಲಿನ ಡಾಂಬರನ್ನೂ ಕರಗಿಸಿ ತೆಗೆಯುತ್ತದೆ ಎಂದು ನಾನೇ ಎಷ್ಟೋ ಜನಕ್ಕೆ ಹೇಳಿ ಮಾರಿದ್ದೆ. ಅದು ನನ್ನ ಮಸಿಯನ್ನು ಬಿಡುತ್ತದೆಯೇ? ಉಂಡು ಬಂದು ನೋಡಿದರೆ ಹನ್ನೆರಡು ಬಾಟಲಿಯ ಮೇಲೂ ಗುರುತು ಕರಗಿ ನೀಲಿ ಕೆಸರಾಗಿ ಇಳಿದಿತ್ತು.

ಬಾಟಲಿಗಳ ಮುಂದೆ ಅವ್ವೆ ನಿಂತಿದ್ದಳು.

ಅವಳು ಒಂದನ್ನು ಎತ್ತಿ ನೋಡಿದಳು. ಕಲೆಸಿಹೋದ ಚುಕ್ಕಿಗಳ ಮೇಲೆ ಬೆರಳಿಟ್ಟಳು. ತನ್ನ ಹಣೆ ಎಂದು ಅವಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವ್ವೆ ಕೂಗಾಡುವವಳಲ್ಲ. ಮೆಲ್ಲಗೆ ಕೇಳಿದಳು.

"ಎಣ್ಣೆ ತೀರಿದ ಮೇಲೆ ಬಾಟಲಿ ಎಲ್ಲಿಗ ಬೀಳುತ್ತೆ?"

ಉತ್ತರವನ್ನೂ ಅವಳೇ ಹೇಳಿದಳು.

"ಕಸದ ಗುಂಡಿಗ. ಎನ್ನ ಹಣೆಯ ಅಲ್ಲಿಗ ಹಾಕುವೆಯಾ? ಎನ್ನ ಒಂದು ಮಾತು ಕೇಳಿದೆಯಾ ನೀ? ಇಲ್ಲೆ."

ನನಗೆ ಅಂದು ಆದಷ್ಟು ನಾಚಿಕೆ ಮೊದಲಾಳಿಯ ಮುಂದೆಯೂ ಆಗಿರಲಿಲ್ಲ. ಹೆರವರು ನನ್ನ ಗುರುತು ಕೇಳದೆ ಎತ್ತಿಕೊಂಡರೆಂದು ಊರೆಲ್ಲ ಕೂಗಾಡಿದವನು ನಾನು. ಹೆತ್ತವಳ ಹಣೆಯನ್ನು ಕೇಳದೆ ಎತ್ತಿಕೊಂಡಿದ್ದೆ. ಉಳಿದ ಚೀಟಿಗಳನ್ನೆಲ್ಲ ಬಾಚಿ ತಂದು ಹಂಡೆಯ ಕೆಳಗಿನ ಬೆಂಕಿಗೆ ಹಾಕಿದೆ. ಅವ್ವೆ ನೋಡಿದಳು, ಬೇಡ ಎನ್ನಲಿಲ್ಲ.

ಇನ್ನು ಮೂರು ವಾರವೂ ಪೂರ್ತಿ ಉಳಿದಿರಲಿಲ್ಲ. ಮರುದಿನ ಊಟಿಗೆ ಹೋಗಿ ಮೇಸ್ತ್ರಿಯ ಮೂಲಕ ಮದರಾಸಿನ ಚಿತ್ರಗಾರನ ಕಾಲನ್ನೇ ಹಿಡಿಯುವುದು, ಎರಡು ತಿಂಗಳ ಕೆಲಸವನ್ನು ಹೇಗಾದರೂ ಬೇಗ ಮಾಡಿಸಿ ಸಿಂಹವೋ ಲಕ್ಷ್ಮಿಯೋ ಕೊಟ್ಟದ್ದನ್ನು ತರುವುದು ಎಂದು ತೀರ್ಮಾನ ಮಾಡಿಬಿಟ್ಟಿದ್ದೆ. ಬೆಳಿಗ್ಗೆ ಹೊರಡಲು ರುಮಾಲು ಸುತ್ತುತ್ತಿದ್ದೆ. ಅವ್ವೆ ಎಮ್ಮೆಯ ಕೊಟ್ಟಿಗೆ ಗುಡಿಸಿ, ಸಗಣಿಯ ಕೈ ತೊಳೆದುಕೊಂಡು ಬಂದು ನನ್ನ ಮುಂದೆ ಬಲಗೈ ಚಾಚಿದಳು. ಮೊಣಕೈಯ ಕೆಳಗೆ ಒಂದು ನಕ್ಷತ್ರದ ಹಚ್ಚೆ. ನಡುವೆ ಒಂದು ಚುಕ್ಕಿ, ಸುತ್ತ ಎಂಟು ಕಡ್ಡಿ, ಕಡ್ಡಿ ಎಂದರೆ ಗೆರೆಯಲ್ಲ, ಎರಡೆರಡು ಚುಕ್ಕಿ. ಅದನ್ನೂ ನಾನು ಹುಟ್ಟಿನಿಂದ ನೋಡಿದ್ದೆ, ಆದರೆ ನೋಡಿರಲಿಲ್ಲ.

"ಹಣೆ ಬೇರೆ, ಕೈ ಬೇರೆ," ಎಂದಳು. "ಕೈ ಸಗಣಿಗೂ ಹೋಗುತ್ತೆ, ಹೊಲಗೂ ಹೋಗುತ್ತೆ. ಸಂತೆಗೂ ಹೋಗಲಿ. ಇದ ಕಳಸು."

ನಾನು ಆ ಕೈ ಹಿಡಿದುಕೊಂಡು ನೋಡಿದೆ. ನಲವತ್ತು ವರ್ಷ ಬೂದಿ, ಸಗಣಿ, ಮಣ್ಣು, ಬಿಸಿನೀರು ಕಂಡ ಕೈ. ಚುಕ್ಕಿ ಒಂದೂ ಮಾಸಿರಲಿಲ್ಲ. ಯಾಕೆ ಮಾಸಲಿಲ್ಲ ಎಂದು ಸುಮ್ಮನೆ ಕೇಳಿದೆ. ಬರೆದದ್ದಲ್ಲ, ಚುಚ್ಚಿದ್ದು ಎಂದಳು. ಹಟ್ಟಿಯ ಹಚ್ಚೆಯ ಮುದುಕಿ ಮುಳ್ಳಿನಿಂದ ಒಂದೊಂದಾಗಿ ಚುಚ್ಚಿದ್ದಂತೆ. ಎಂಟನೆಯ ಕಡ್ಡಿಗೆ ಬರುವಾಗ ಉರಿ ತಾಳಲಾರದೆ ಅವ್ವೆ ಕೈ ಎಳೆದುಕೊಂಡಳಂತೆ. ಅದಕ್ಕೇ ಕೊನೆಯ ಚುಕ್ಕಿ ಸಾಲು ಬಿಟ್ಟು ಪಕ್ಕಕ್ಕೆ ಕುಳಿತಿತ್ತು.

ಚುಚ್ಚಿದ್ದು! ಮಸಿಯನ್ನು ಎಣ್ಣೆ ಕರಗಿಸೀತು, ತೂತನ್ನು ಹೇಗೆ ಕರಗಿಸುತ್ತದೆ? ರುಮಾಲು ಅರ್ಧ ಸುತ್ತಿದ್ದಂತೆಯೇ ಹೊರಗೆ ಓಡಿದೆ. ಊಟಿಯ ದಾರಿ ಬಿಟ್ಟು ಕೋತರ ಊರಿನ ದಾರಿ ಹಿಡಿದೆ.

ನಮ್ಮ ಬೆಟ್ಟದಲ್ಲಿ ನಮ್ಮಂಥ ಒಂದೊಂದು ಬಡಗ ಮನೆತನಕ್ಕೂ ತಲೆತಲಾಂತರದಿಂದ ಒಬ್ಬ ಕೋತ ಕಮ್ಮಾರನಿರುತ್ತಾನೆ. ಕತ್ತಿ, ಗುದ್ದಲಿ ಎಲ್ಲ ಅವನ ಕೆಲಸ, ಸುಗ್ಗಿಯಲ್ಲಿ ಅವನ ಪಾಲಿನ ಧಾನ್ಯ ಅವನಿಗೆ. ಊಟಿಯ ಬಜಾರಿನ ಸಾಮಾನು ಬಂದ ಮೇಲೆ ನಾನು ಅವನ ಕಡೆ ತಲೆ ಹಾಕಿಯೇ ವರ್ಷವಾಗಿತ್ತು. ಅವ್ವೆ ಮಾತ್ರ ಅವನ ಪಾಲು ತಪ್ಪದೆ ಕಳಿಸುತ್ತಿದ್ದಳಂತೆ. ಅದು ನನಗೆ ಗೊತ್ತಾದದ್ದೇ ಅಂದು. ಕಮ್ಮಾರ ತಿದಿ ನಿಲ್ಲಿಸದೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಬಜಾರದ ಕತ್ತಿಗ ಮೂರು ತಿಂಗಳು ಆಯುಸ್ಸು," ಎಂದ. "ಮೂರು ತಿಂಗಳು ಆತಾ?"

ಬೈದರೆ ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಕೆಲಸ ಏನೆಂದು ವಿವರಿಸಿದೆ. ಅವ್ವೆಯ ಕೈಯ ನಕ್ಷತ್ರವನ್ನು ಬೂದಿಯಲ್ಲಿ ಬರೆದು ತೋರಿಸಿದೆ. ಅಂಗೈಯಲ್ಲಿ ಹಿಡಿಯುವಂಥ ಕಬ್ಬಿಣದ ಬಿಲ್ಲೆ, ಅದರಲ್ಲಿ ಹದಿನೇಳು ಮೊಳೆ, ಒಮ್ಮೆ ಕುಟ್ಟಿದರೆ ಹತ್ತಾರು ಕಾಗದದಲ್ಲಿ ಹದಿನೇಳು ತೂತು. ಕಮ್ಮಾರನ ಮುಖ ಬದಲಾಯಿತು. ಹೊಸ ಕೆಲಸ ಕಂಡರೆ ಕೋಪ ಮರೆಯುವ ಜಾತಿಯವನು, ನನ್ನ ಹಾಗೆಯೇ.

ಮೊದಲ ಬಿಲ್ಲೆಗೆ ಹೊಲಿಗೆಯ ಸೂಜಿ ಹಾಕಿದೆವು. ನಾಲ್ಕನೆಯ ಏಟಿಗೆ ಅರ್ಧದಷ್ಟು ಸೂಜಿಗಳು ಮುರಿದವು. ಎರಡನೆಯದಕ್ಕೆ ಅವನೇ ಬಡಿದ ದಪ್ಪ ಮೊಳೆ. ಕಾಗದ ಹರಿದು ನಕ್ಷತ್ರದ ಜಾಗದಲ್ಲಿ ಬಾವಿ ಬಿತ್ತು. ಮೂರನೆಯ ದಿನ ಅವನು ಮುರಿದ ಕೊಡೆಯೊಂದನ್ನು ಎಲ್ಲಿಂದಲೋ ಹುಡುಕಿ ತಂದು, ಅದರ ಕಡ್ಡಿಗಳನ್ನು ಕತ್ತರಿಸಿ, ಅರದಲ್ಲಿ ಮೊನೆ ಮಾಡಿ, ಅರಗು ಕಾಯಿಸಿ ಕೂರಿಸಿದ. ಉಕ್ಕಿನ ಕಡ್ಡಿ ಬಾಗಲೂ ಇಲ್ಲ, ಮುರಿಯಲೂ ಇಲ್ಲ. ಕಾಗದದ ಕೆಳಗೆ ಹಲಗೆಯ ಬದಲು ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಹಾಸಿದಾಗ ಮೊನೆ ಮೊಂಡಾಗುವುದೂ ನಿಂತಿತು. ಕೊನೆಯ ಚುಕ್ಕಿಯನ್ನು ಸಾಲಿಗೆ ತರಲೇ ಎಂದು ಕೇಳಿದ. ಬೇಡ, ಅವ್ವೆಯ ಕೈಯಲ್ಲಿ ಹೇಗಿದೆಯೋ ಹಾಗೇ ಇರಲಿ ಎಂದೆ.

ಇನ್ನು ಕಾಗದ. ಬಿಳಿಯದರಲ್ಲಿ ತೂತು ಕಾಣಿಸುವುದಿಲ್ಲ. ಸಕ್ಕರೆ ಕಟ್ಟಿ ಬರುವ ದಪ್ಪ ಕಡುನೀಲಿ ಕಾಗದ ಸರಿಹೋಯಿತು. ಹೆಸರು, ಊರನ್ನು ಬೇರೆ ಪುಟ್ಟ ಬಿಳಿ ಚೀಟಿಯ ಮೇಲೆ ಶಾಲೆಯ ಮಸಿಯಲ್ಲಿ ನಾನೇ ಬರೆದೆ. ಆ ಮಸಿ ನೀರಿಗೆ ಹೆದರುತ್ತದೆ, ಎಣ್ಣೆಗೆ ಹೆದರುವುದಿಲ್ಲ. ಎಲ್ಲ ಮುಗಿಯಿತೆಂದುಕೊಂಡರೆ ಮೊದಲ ದಿನ ಅಂಟಿಸಿದ ಚೀಟಿಗಳಲ್ಲಿ ಮೈದಾ ಅಂಟು ತೂತಿನೊಳಗೆ ನುಗ್ಗಿ ಒಣಗಿ ಕುಳಿತಿತ್ತು. ನಕ್ಷತ್ರವೇ ಮಾಯ. ಚೀಟಿಯ ಅಂಚಿಗೆ ಮಾತ್ರ ಅಂಟು ಸವರಬೇಕು, ನಡುವೆ ಒಣಗಿರಬೇಕು ಎಂದು ತಿಳಿಯಲು ಇನ್ನೆರಡು ದಿನ ಹೋಯಿತು.

ಕೊನೆಗೆ ಸರಿಬಂದ ಮೊದಲ ಬಾಟಲಿಯನ್ನು ಎತ್ತಿ ಬಿಸಿಲಿಗೆ ಹಿಡಿದೆ. ನೀಲಿ ಕಾಗದದ ನಡುವೆ ಹದಿನೇಳು ಚುಕ್ಕಿ ಬೆಳಕಾಗಿ ಹೊಳೆದವು. ಮೇಲೆ ಬೇಕೆಂದೇ ಎಣ್ಣೆ ಸುರಿದೆ. ಕಾಗದ ನೆನೆಯಿತು, ಚುಕ್ಕಿ ಅಲುಗಲಿಲ್ಲ. ಸೊಪ್ಪಿನ ಹೊರೆ ಹೊತ್ತು ಬಂದ ಹೆಂಗಸರು ಈ ಸಲ ನಗಲಿಲ್ಲ. ಒಬ್ಬಳು ತನ್ನ ಕೈ ನೋಡಿಕೊಂಡಳು.

ಆರನೆಯ ವಾರ ಮುಗಿಯಲು ಎರಡು ದಿನ ಇದ್ದಾಗ ಕೂನೂರಿಗೆ ಹೋದೆ. ಮೊದಲಾಳಿ ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಬಣ್ಣದ ಚಿತ್ರವೇ ಇಲ್ಲವಲ್ಲ ಎಂದರು. ಬಣ್ಣ ಯಾರು ಬೇಕಾದರೂ ಕೊಳ್ಳಬಹುದು ಎಂದೆ. ಅವರು ಹಮಾಲಿಯನ್ನು ಕರೆದು, ನನ್ನದರ ಜೊತೆಗೆ ಬೇರೆಯವರ ಐದಾರು ಬಾಟಲಿ ಬೆರೆಸಿ, ಮುಖ ಆಚೆ ತಿರುಗಿಸಿಕೊಂಡು ಆರಿಸು ಎಂದರು. ಅವನು ಹಿಂದೆ ಕೈ ಚಾಚಿ, ಒಂದೊಂದರ ಹೊಟ್ಟೆಯ ಮೇಲೆ ಹೆಬ್ಬೆರಳು ಎಳೆದ. ಚುಚ್ಚುವಾಗ ಕಾಗದದ ಹಿಂಬದಿಗೆ ತೂತಿನ ಅಂಚು ಉಬ್ಬಿ ನಿಲ್ಲುತ್ತಿತ್ತು. ಆ ಬದಿಯನ್ನೇ ಹೊರಗೆ ಮಾಡಿ ಅಂಟಿಸಿದ್ದೆ. ಅವನ ಬೆರಳು ನನ್ನ ಬಾಟಲಿಯ ಮೇಲೆ ನಿಂತಿತು. ಮೂರು ಸಲ ಬೆರೆಸಿದರು, ಮೂರು ಸಲವೂ ನಿಂತಿತು. ಆ ಸೀಸನ್ನಿಗೆ ನಾನು ಇಳಿಸುವ ಎಣ್ಣೆಯೆಲ್ಲ ತಮಗೇ ಬೇಕು ಎಂದು ಮೊದಲಾಳಿ ಅಲ್ಲಿಯೇ ಮಾತು ಕೊಟ್ಟರು. ನಾನು ಪೇಟೆಯ ನಡುಬೀದಿಯಲ್ಲಿ ಕುಣಿಯದೆ ಸ್ಟೇಷನ್ನಿನವರೆಗೆ ನಡೆದದ್ದೇ ದೊಡ್ಡದು.

ಸೀಸನ್ನಿನ ನಡುವೆ ನೀಲಿ ಕಾಗದದ ನಕಲಿಯೂ ಬಂತು. ಬಾರದೆ ಇರುತ್ತದೆಯೇ? ಆದರೆ ಆ ಪುಣ್ಯಾತ್ಮ ಎಂಟು ಕಡ್ಡಿಯನ್ನೂ ನೆಟ್ಟಗೆ, ಅಳತೆ ಹಿಡಿದು ಚುಚ್ಚಿದ್ದ. ನನ್ನ ಗುರುತಿನ ತಪ್ಪನ್ನು ಅವನು ತಿದ್ದಿದ್ದ. ಹಮಾಲಿ ಅದರ ಮೇಲೆ ಹೆಬ್ಬೆರಳು ಎಳೆದು, ಇದು ಆ ಹಟ್ಟಿಯವರದಲ್ಲ ಎಂದು ಪಕ್ಕಕ್ಕೆ ಇಟ್ಟನಂತೆ. ಊಟಿಯ ಮೇಸ್ತ್ರಿಯೂ ಒಂದು ದಿನ ಹಟ್ಟಿಯವರೆಗೆ ಹತ್ತಿ ಬಂದು, ಆ ಬಿಲ್ಲೆಯನ್ನು ತನ್ನ ಅಚ್ಚುಕೂಟಕ್ಕೆ ಕೊಡುತ್ತೀಯಾ, ಬೇರೆಯವರಿಗೂ ಸ್ವಲ್ಪ ಬದಲಿಸಿ ಮಾಡಿಕೊಡಬಹುದು ಎಂದು ಕೇಳಿದ. ಅವನಿಗೆ ಮಜ್ಜಿಗೆ ಕೊಟ್ಟು ಕಳಿಸಿದೆ.

ಗುರುತನ್ನು ತಾವೇ ಮಾಡಿಕೊಳ್ಳಬೇಕೋ, ಬಲ್ಲವರಿಂದ ಮಾಡಿಸಬೇಕೋ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನಾನು ಮಾಡಿದೆ ಎಂದು ಮೀಸೆ ತಿರುವುವುದು ಸುಲಭ. ನಿಜ ಹೇಳಬೇಕೆಂದರೆ ಚುಕ್ಕಿ ಅವ್ವೆಯದು, ಕಬ್ಬಿಣ ಕೋತ ಕಮ್ಮಾರನದು. ನಾನು ಮಾಡಿದ್ದು ಮದರಾಸಿನ ಸಿಂಹಕ್ಕೆ ಬೇಡ ಎಂದದ್ದು, ಆಮೇಲೆ ಸರಿಬರುವವರೆಗೆ ಮತ್ತೆ ಮತ್ತೆ ಕೆಡಿಸಿದ್ದು. ಅಷ್ಟು ಮಾಡಲು ತಾಳ್ಮೆ ಇದ್ದವರು ತಾವೇ ಮಾಡಿಕೊಳ್ಳಲಿ.

ಮಳೆ ಹಿಡಿಯುವ ಮುಂಚೆ ಅವ್ವೆ, ಎಣ್ಣೆ ಹೋಗುವ ಅಂಗಡಿಯನ್ನು ಒಮ್ಮೆ ನೋಡಬೇಕು ಎಂದಳು. ಅವಳು ಅದುವರೆಗೆ ರೈಲು ಹತ್ತಿದವಳಲ್ಲ. ಲವ್‌ಡೇಲ್ ಸ್ಟೇಷನ್ ದಾಟುವವರೆಗೆ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದಳು. ಕೂನೂರಿನ ಅಂಗಡಿಯಲ್ಲಿ ಜನ ತುಂಬಿದ್ದರು. ನಾನು ಮುಂದೆ ಹೋಗಿ ಮೊದಲಾಳಿಗೆ ಕೈ ಮುಗಿದೆ. ಅವರು ನನಗೆ ತಲೆಯಾಡಿಸಿ, ನನ್ನ ಹಿಂದೆ ಬಾಗಿಲ ಹತ್ತಿರ ಸಂಕೋಚದಿಂದ ನಿಂತಿದ್ದ ಮುದುಕಿಯ ಕಡೆ ನೋಡಿದರು. ಜನರ ನೂಕಾಟಕ್ಕೆ ಬೀಳದಂತೆ ಅವ್ವೆ ಬಾಗಿಲಿನ ಚೌಕಟ್ಟು ಹಿಡಿದುಕೊಂಡಿದ್ದಳು. ಮೊಣಕೈಯ ಕೆಳಗಿನ ನಕ್ಷತ್ರ ಬೆಳಕಿಗೆ ಕಾಣುತ್ತಿತ್ತು. ಅವಳು ಯಾರೆಂದು ನಾನು ಇನ್ನೂ ಹೇಳಿರಲಿಲ್ಲ.

ಮೊದಲಾಳಿ ಗಿರಾಕಿಗಳನ್ನು ಬಿಟ್ಟು ಎದ್ದರು. ತಾವು ಕುಳಿತಿದ್ದ ಕುರ್ಚಿಯನ್ನೇ ಎತ್ತಿ ತಂದು ಅವ್ವೆಯ ಮುಂದೆ ಇಟ್ಟು, ಹೆಗಲ ಮೇಲಿನ ವಲ್ಲಿಯಿಂದ ಒರೆಸಿ, "ಅಮ್ಮ, ಕುಳಿತುಕೊಳ್ಳಿ, ಇದು ನಿಮ್ಮ ಅಂಗಡಿ," ಎಂದರು. ಅಂಗಡಿಯಲ್ಲಿ ಇದ್ದದ್ದು ಅದೊಂದೇ ಕುರ್ಚಿ. ಅವ್ವೆ ಕುಳಿತಳು. ನಾನೂ ಮೊದಲಾಳಿಯೂ ನಿಂತೇ ಇದ್ದೆವು.